ಸಾವಿರ ರೊಟ್ಟಿ, ಸಾವಿರ ಬಾತು

ಕೈರೋ
ಫೆಬ್ರವರಿ ೧೯೮೯, ಗುರುವಾರ

ಅಲೆಕ್ಸಾಂಡ್ರಿಯಾದಲ್ಲಿರುವ ಅಮ್ಮನಿಗೆ ಹಿರಿಮಗಳು ರಾವಿಯಾಳ ಸಲಾಮು.

ನಿನ್ನ ಕಾಗದ ತಲುಪಿತು. ನಿನ್ನ ಕೈಗೆ ಮುತ್ತಿಟ್ಟೆನೆಂದು ತಿಳಿದುಕೋ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಹೊಟ್ಟೆಯಲ್ಲಿರುವುದನ್ನು ಕಾರಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಈ ಪೆನ್ನು ಮುಂದೆ ಓಡುವುದಿಲ್ಲ.

ನೀನು ಬರೆದಿದ್ದೀ: "ನಿಮ್ಮಪ್ಪ ಬದಲಾಗಿದ್ದಾನೆ ಕಣೇ. ನನ್ನನ್ನ ಕಾಲುವೆ ದಡಕ್ಕೂ ಒಬ್ಬಳೇ ಹೋಗೋಕೆ ಬಿಡದ ಗಂಡಸು ಮಗಳನ್ನ ಕೈರೋಗೆ ಕಳಿಸಿ ಓದಿಸ್ತಿದ್ದಾನೆ ಅಂದ್ರೆ, ಅವನ ಎದೆಯಲ್ಲೂ ಎಲ್ಲೋ ಮೆತ್ತಗಿರೋ ಜಾಗ ಇದೆ ಅಂತ ಆಯ್ತು. ಹಳೇದೆಲ್ಲ ಬಿಟ್ಟುಬಿಡು. ನಿನ್ನ ತಂಗಿ ತಹಾನಿಯನ್ನೂ ಹೀಗೇ ಓದಿಸ್ತಾನೆ, ನೋಡ್ತಿರು." ಇದನ್ನು ನಾನು ಹಾಸ್ಟೆಲಿನ ಊಟದ ಕೋಣೆಯಲ್ಲಿ ಓದಿದೆ. ಮುಂದೆ ಬೇಳೆಸಾರಿನ ಬಟ್ಟಲು, ಅದರಲ್ಲಿ ಎಂದಿನಂತೆ ಹುಳ. ಹುಳ ನೋಡಿ ನನಗೆ ಅಭ್ಯಾಸವಾಗಿದೆ, ಚಮಚದಲ್ಲಿ ಆಚೆ ತೆಗೆದು ಉಣ್ಣುತ್ತೇನೆ. ನಿನ್ನ ಆ ಸಾಲುಗಳನ್ನು ಓದಿ ಮಾತ್ರ ಎದ್ದು ಹೋಗಿ ವಾಂತಿ ಮಾಡಿಕೊಂಡೆ.

ಅಪ್ಪ ನನ್ನನ್ನು ಯಾಕೆ ಓದಿಸಿದ ಎಂದು ಈಗ ನನಗೆ ಗೊತ್ತಾಗಿದೆ. ನಿನಗೂ ಗೊತ್ತಾಗಬೇಕು. ಇದನ್ನು ನಿನ್ನ ಗಂಡ ಹಾಜಿ ಲುತ್ಫಿಯವರ ಎದುರು ಓದಬೇಡ. ಅವರು ಒಳ್ಳೆಯವರೇ ಇರಬಹುದು, ಆದರೆ ಇದು ನಮ್ಮ ಮನೆಯ ಹೊಲಸು.

ಹೈಸ್ಕೂಲು ಮುಗಿದ ವರ್ಷ ಔಷಧಶಾಸ್ತ್ರಕ್ಕೆ ನನ್ನ ಅಂಕ ಸಾಲಲಿಲ್ಲ. ಸರ್ಕಾರದ ಹಂಚಿಕೆಯಲ್ಲಿ ನನ್ನ ಪಾಲಿಗೆ ಬಂದದ್ದು ಪುರಾತತ್ವ. ನಿನ್ನ ಜಾಗಕ್ಕೆ ಬಂದ ಬದ್ರಿಯಾ ಹೊಸ್ತಿಲ ಮೇಲೆ ನಿಂತೇ ಶುರುಮಾಡಿದಳು: "ಹೆಣ ಅಗೆಯೋ ಓದು! ಇದನ್ನ ಓದಿದವಳ ಕೈಯಲ್ಲಿ ಯಾವ ಗಂಡು ಊಟ ಮಾಡ್ತಾನೆ? ಒಲೆ ಊದೋದು ಕಲ್ತ್ಕೋ, ಅದಕ್ಕಾದ್ರೆ ಬೆಲೆ ಇದೆ." ನಾನೂ ಆಸೆ ಬಿಟ್ಟಿದ್ದೆ. ಅಪ್ಪ ಹುಕ್ಕಾದ ಕೊಳವೆ ಕೆಳಗಿಟ್ಟು ಒಂದೇ ಮಾತು ಕೇಳಿದ: "ಹಳೇ ಕಲ್ಲಿನ ಮೇಲೆ ಹಕ್ಕಿ, ಹಾವು ಎಲ್ಲ ಕೊರೆದಿರ್ತಾರಲ್ಲ, ಅದನ್ನ ಓದೋಕೆ ಕಲಿಸ್ತಾರಾ?" ಕಲಿಸುತ್ತಾರೆ ಎಂದೆ. "ಹಾಗಾದ್ರೆ ಹೋಗು" ಅಂದ. ಅಷ್ಟೇ. ನಾನು ಬಗ್ಗಿ ಅವನ ಕೈಗೆ ಮುತ್ತಿಟ್ಟೆ, ಅಮ್ಮ. ಕಣ್ಣೀರೂ ಹಾಕಿದೆ. ಮೊದಲ ಸಲ ನಮ್ಮಪ್ಪನೂ ಎಲ್ಲರ ಅಪ್ಪಂದಿರ ಹಾಗೆ ಎಂದುಕೊಂಡೆ.

ಕೈರೋಗೆ ಬಂದು ನೋಡಿದರೆ ಇಲ್ಲಿ ಓದುವುದಕ್ಕೆ ಕಲಿಸುವವರೇ ಇಲ್ಲ. ಚಿತ್ರಲಿಪಿಯ ಪಾಠ ಡಾಕ್ಟರ್ ಶೌಕತ್ ಅವರದು. ತರಗತಿಗೆ ಬಂದು, ಗಂಟಲು ಕೆರೆದು, ಕರವಸ್ತ್ರಕ್ಕೆ ಉಗಿದು, ಅದನ್ನು ಬಿಡಿಸಿ ಒಮ್ಮೆ ನೋಡಿ, ಮಡಿಸಿ ಜೇಬಿಗಿಟ್ಟು, ತಾವೇ ಬರೆದ ಪುಸ್ತಕ ತೆರೆಯುತ್ತಾರೆ. ಅದನ್ನು ಎಲ್ಲರೂ ಹೊಸದಾಗಿಯೇ ಕೊಳ್ಳಬೇಕು. ಹೊದಿಕೆಯ ಬಣ್ಣ ವರ್ಷ ವರ್ಷವೂ ಬದಲಾಗುತ್ತದೆ, ಒಳಗಿನ ತಪ್ಪುಗಳು ಬದಲಾಗುವುದಿಲ್ಲ. ಒಂದು ಪುಟದಲ್ಲಿ ಹಳೆಯ ಬರಹ, ಎದುರು ಪುಟದಲ್ಲಿ ಅದರ ಅರ್ಥ. ಅರ್ಥವನ್ನು ಬಾಯಿಪಾಠ ಮಾಡಿದರೆ ಮುಗಿಯಿತು. ಪರೀಕ್ಷೆಯಲ್ಲಿ ಮೊದಲ ಚಿಹ್ನೆ ಗೂಬೆಯಾದರೆ ಇಂಥ ಪಾಠ, ಬಾತಾದರೆ ಇಂಥ ಪಾಠ ಎಂದು ಗುರುತು ಹಿಡಿದು ಎಲ್ಲರೂ ಗಿಣಿಗಳಂತೆ ಬರೆದುಕೊಟ್ಟು ಬರುತ್ತಾರೆ. ನನ್ನ ಜೊತೆ ಓದುವವರಲ್ಲಿ ಹೆಚ್ಚಿನವರಿಗೆ ಆ ಗೂಬೆಯ ಉಚ್ಚಾರಣೆಯೂ ಗೊತ್ತಿಲ್ಲ.

ಕಳೆದ ವರ್ಷ ನಮ್ಮನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದರು. ಡಾಕ್ಟರು ಒಂದು ಕಲ್ಲಿನ ಮುಂದೆ ನಿಂತು, ಕೋಲಿನಿಂದ ಸಾಲು ಸಾಲು ತೋರಿಸುತ್ತಾ, ಒಬ್ಬ ಸೇನಾಪತಿಯ ಕಥೆಯನ್ನು ಗಡಗಡ ಹೇಳಿಬಿಟ್ಟರು. ಅವನ ದಂಡಯಾತ್ರೆ, ರಾಜ ಕೊಟ್ಟ ಬಿರುದು, ಎಲ್ಲ. ಹುಡುಗರು ತಲೆಯಾಡಿಸಿ ಬರೆದುಕೊಂಡರು. ನಾನು ಕಲ್ಲು ನೋಡಿದೆ. ಅದರಲ್ಲಿದ್ದವಳು ಹೆಂಗಸು, ಹೂ ಮೂಸುತ್ತಾ ಕುರ್ಚಿಯಲ್ಲಿ ಕೂತಿದ್ದಾಳೆ. ಸೇನಾಪತಿಯ ಕಲ್ಲನ್ನು ದುರಸ್ತಿಗೆಂದು ಒಳಗೆ ಸಾಗಿಸಿ, ಆ ಜಾಗದಲ್ಲಿ ಇದನ್ನು ನಿಲ್ಲಿಸಿದ್ದರು. ಅದೂ ಹೋಗಲಿ, ಪ್ರಾಣಿಪಕ್ಷಿಗಳ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಬೇಕು, ಇದು ಮೊದಲ ವಾರದ ಪಾಠ. ಡಾಕ್ಟರ ಕೋಲು ಹಕ್ಕಿಗಳ ಬಾಲದ ಕಡೆಯಿಂದ ಬರುತ್ತಿತ್ತು. ತಡೆಯಲಾರದೆ "ಡಾಕ್ಟರ್, ಇದು ಹೆಂಗಸಿನ ಕಲ್ಲು" ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗೀ, ನೀನು ಕಲ್ಲು ನೋಡ್ಬೇಡ, ಪುಸ್ತಕ ನೋಡು" ಅಂದರು. ಎಲ್ಲರೂ ನಕ್ಕರು. ಹಳ್ಳಿಯವಳು, ಮಣ್ಣು ಕಂಡರೆ ಕೆರೆಯುತ್ತಾಳೆ ಎಂದು ಹಿಂದಿನಿಂದ ಯಾರೋ ಅಂದರು. ಅದೇ ಡಾಕ್ಟರಿಗೆ ಸಚಿವಾಲಯದವರು ಸನ್ಮಾನ ಮಾಡಿದ ಫೋಟೋ ನಮ್ಮ ವಿಭಾಗದ ಬಾಗಿಲಲ್ಲೇ ತೂಗುಹಾಕಿದೆ.

ಆ ಛಲಕ್ಕೇ ನಾನು ಓದುವುದು ಕಲಿತೆ. ರಜೆಯ ದಿನ ಒಬ್ಬಳೇ ವಸ್ತುಸಂಗ್ರಹಾಲಯಕ್ಕೆ ಹೋಗಿ, ಒಂದು ಕಲ್ಲು ಹಿಡಿದು, ಗೂಬೆ, ಬಾಯಿ, ನೀರಿನ ಅಲೆ, ಕೊಂಬಿನ ಹಾವು ಎಲ್ಲವನ್ನೂ ಕಾಗದಕ್ಕಿಳಿಸಿ, ಗ್ರಂಥಾಲಯದ ಹಳೆಯ ನಿಘಂಟಿನಲ್ಲಿ ಒಂದೊಂದೇ ಹುಡುಕುತ್ತಿದ್ದೆ. ತಿಂಗಳುಗಟ್ಟಲೆ ಒಂದಕ್ಕೊಂದು ಅಂಟಲೇ ಇಲ್ಲ. ಆಮೇಲೆ ಒಂದು ದಿನ ಒಂದು ಸಾಲು ಪೂರ್ತಿ ಓದಿಸಿಕೊಂಡಿತು. ಸತ್ತವನೊಬ್ಬ ಊಟ ಕೇಳುತ್ತಿದ್ದ. ಸಾವಿರ ರೊಟ್ಟಿ, ಸಾವಿರ ಕುಡಿಕೆ ಬಿಯರು, ಸಾವಿರ ಎತ್ತು, ಸಾವಿರ ಬಾತು, ಸಾವಿರ ನೂಲುಬಟ್ಟೆ. ನೂರಾರು ಕಲ್ಲುಗಳು ಇದನ್ನೇ ಕೇಳುತ್ತವೆ. ಅದು ಲೆಕ್ಕವಲ್ಲ, ಹಾರೈಕೆ. ಮದುವೆ ಮನೆಯಲ್ಲಿ ನಾವು "ಸಾವಿರ ಶುಭಾಶಯ" ಅನ್ನುವುದಿಲ್ಲವೇ, ಹಾಗೆ. ದಾರಿಯಲ್ಲಿ ಹೋಗುವವನೇ, ನಿನ್ನ ಬಾಯಿಂದ ಒಮ್ಮೆ ಇದನ್ನು ಹೇಳು, ನಿನಗೆ ಖರ್ಚಾಗುವುದು ಉಸಿರೊಂದೇ, ನನಗೆ ಅದು ಅನ್ನವಾಗುತ್ತದೆ ಎಂದು ಕೆಲವು ಕಲ್ಲುಗಳು ಅಂಗಲಾಚುತ್ತವೆ. ಅಲ್ಲಾಹ್ ಕ್ಷಮಿಸಲಿ, ನಾನು ಮೆಲ್ಲಗೆ ಹೇಳಿದೆ. ಕಾವಲುಗಾರ ಕಂಡು, "ಏನಮ್ಮಾ, ಕಲ್ಲಿನ ಹತ್ರ ಗಂಡು ಬೇಡ್ಕೋತಿದ್ದೀಯಾ?" ಎಂದು ಛೇಡಿಸಿದ. ನನಗೆ ಕೋಪ ಬರಲಿಲ್ಲ. ಇಡೀ ಕೈರೋದಲ್ಲಿ ನನಗೆ ಹೇಸಿಗೆಯಾಗದಿದ್ದದ್ದು ಅದೊಂದೇ ಜಾಗ.

ಪ್ರತಿ ರಜೆಯಲ್ಲೂ ಅಪ್ಪ ಕೇಳುತ್ತಿದ್ದ: "ಎಲ್ಲಿಗೆ ಬಂತು ಓದು? ಪೂರ್ತಿ ಓದೋಕೆ ಬರುತ್ತಾ?" ಅಂಗಳದ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆಸಿ ನೋಡುತ್ತಿದ್ದ. ನಾನು ಹೆಮ್ಮೆ ಎಂದುಕೊಂಡಿದ್ದೆ. ಈ ನಡುವರ್ಷದ ರಜೆಗೆ ಹೊರಡುವ ಮೊದಲು, ಈಗ ಪುಸ್ತಕವಿಲ್ಲದೆ ಓದಬಲ್ಲೆ ಎಂದು ನಾನೇ ಬರೆದು ತಿಳಿಸಿದೆ.

ಊರಿಗೆ ಹೋದೆ. ಕಬ್ಬು ಕಡಿಯುವ ಕಾಲ. ಬದ್ರಿಯಾ ಬಾತು ಕೊಯ್ದಿದ್ದಳು. ನನಗೆ, ಬಾತು! ಎದೆಯ ತುಂಡು ನನ್ನ ತಟ್ಟೆಗೇ ಹಾಕಿ, "ತಿನ್ನು ನಮ್ಮ ಡಾಕ್ಟರಮ್ಮ, ಎಷ್ಟು ಸೊರಗಿದ್ದೀಯಾ" ಅಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಊಟವಾದ ಮೇಲೆ ಅಪ್ಪ ಎಮ್ಮೆ ಕಟ್ಟುವ ಕೋಣೆಗೆ ಕರೆದೊಯ್ದ. ಎಮ್ಮೆ ಇರಲಿಲ್ಲ. ನೆಲದ ನಡುವೆ ಒಂದು ಗುಂಡಿ, ಬಾವಿಯಷ್ಟು ಆಳ. ಮೇಲೆ ಹಗ್ಗ ಹಿಡಿದು ಬದ್ರಿಯಾಳ ಅಣ್ಣ. ಹಳೆಯ ಸಗಣಿ, ಸೀಮೆಎಣ್ಣೆ, ಊರಿದ ನೀರಿನಲ್ಲಿ ಕೊಳೆತ ಮಣ್ಣು, ಗಂಡಸರ ಬೆವರು, ಇವೆಲ್ಲದರ ಮೇಲೆ ಧೂಪಕ್ಕೆಂದು ಇಂಗು ಸುಟ್ಟ ಘಾಟು. ಅಮ್ಮ, ಆ ವಾಸನೆ ಇವತ್ತಿಗೂ ನನ್ನ ತಲೆಗೂದಲಿನಿಂದ ಹೋಗಿಲ್ಲ.

ಗುಂಡಿಯ ಪಕ್ಕದಲ್ಲಿ ನಿನ್ನ ಮದುವೆಯ ಪೆಟ್ಟಿಗೆಯ ಮೇಲೆ ಒಬ್ಬ ಕೂತಿದ್ದ. ಶೇಖ್ ಮಬ್ರೂಕ್ ಅಂತೆ. ನಿಧಿಯನ್ನು ಕಾಯುವ ಜಿನ್ನುಗಳ ಜೊತೆ ಮಾತಾಡುತ್ತಾನಂತೆ. ಮದರಂಗಿ ಬಳಿದ ಗಡ್ಡ, ಉದ್ದುದ್ದ ಉಗುರು, ನಮ್ಮ ಬಾತಿನ ಕೊಬ್ಬು ಮೆತ್ತಿದ ಬೆರಳಿನಲ್ಲೇ ಜಪಮಾಲೆ ಎಣಿಸುತ್ತಿದ್ದ. ನನ್ನನ್ನು ಕಂಡು, "ಇವಳೇನಾ ಓದಿದವಳು? ಕೈರೋದಲ್ಲಿ ಕಲಿಸೋದು ಬರೀ ಅಕ್ಷರ, ಜಿನ್ನಿನ ಮನಸ್ಸು ಓದೋನು ನಾನು" ಅಂದ.

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಬರೆಯುತ್ತೇನೆ: "ನಿನ್ನ ಹೈಸ್ಕೂಲು ಮುಗಿದ ಬೇಸಿಗೇಲಿ ಕಕ್ಕಸಿಗೆ ಗುಂಡಿ ತೋಡ್ತಿದ್ವಲ್ಲ, ಆಗ ಕೆಳಗಿರೋ ಕೆತ್ತಿದ ಕಲ್ಲಿನ ತಲೆ ಸಿಕ್ತು. ಓದೋರು ಯಾರು? ಹೊರಗಿನವರನ್ನ ಕರೆದ್ರೆ ಪಾಲು ಕೇಳ್ತಾರೆ, ಇಲ್ಲ ಪೊಲೀಸರಿಗೆ ಹೇಳ್ತಾರೆ. ಅದಕ್ಕೇ ನಿನ್ನ ಕಳಿಸಿದ್ದು. ಮನೆ ಮಗಳು ಮನೆ ಕಲ್ಲು ಓದ್ಲಿ ಅಂತ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಕಾದಿದ್ದೀನಿ ಮಗಳೇ. ಇಳಿ."

ಇದು ನೀನು ಬರೆದ ಆ ಮೆತ್ತಗಿನ ಜಾಗ. ಬೀಜದ ಹೋರಿ ಸಾಕುತ್ತಾರಲ್ಲ, ಹಾಗೆ ನನ್ನನ್ನು ಸಾಕಿದ್ದ.

ನಾನು ಇಳಿದೆ. ಯಾಕೆ ಇಳಿದೆ ಎಂದು ಕೇಳಿದರೆ ನಿಜ ಹೇಳುತ್ತೇನೆ: ಓದುವ ಆಸೆ. ಯಾರ ಪುಸ್ತಕದಲ್ಲೂ ಇಲ್ಲದ ಕಲ್ಲು, ಅರ್ಥದ ಪುಟವಿಲ್ಲದ ಕಲ್ಲು. ಲಾಂದ್ರ ಹಿಡಿದು ಒರೆಸಿದಾಗ ಹಕ್ಕಿಗಳ ಮುಖ ನನ್ನ ಕಡೆಗೇ ಇತ್ತು. ನೆಸ್‌ಮಿನ್ ಎಂಬ ಒಬ್ಬ ಪೂಜಾರಿ. ನಮ್ಮೂರಿನವನೇ, ನಮಗಿಂತ ಎರಡು ಸಾವಿರ ವರ್ಷ ಹಿಂದೆ. ಎಲ್ಲಿಯೂ ತಡವರಿಸದೆ ಓದುತ್ತಾ ಹೋದೆ.  ಮೇಲಿದ್ದವರಿಗೆ ಕೇಳಲೆಂದು ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಹೇಳಿದೆ: ಸಾವಿರ ರೊಟ್ಟಿ, ಸಾವಿರ ಬಿಯರು, ಸಾವಿರ ಎತ್ತು, ಸಾವಿರ ಬಾತು...

 ಮೇಲಿನಿಂದ ಬದ್ರಿಯಾಳ ಅಣ್ಣನ ಧ್ವನಿ: "ಸಾವಿರ ಎತ್ತು! ಚಿನ್ನದ್ದಾ, ಕಂಚಿನದ್ದಾ ಕೇಳು!" ಅಪ್ಪ ಅಳುತ್ತಿದ್ದ, ಅಲ್ಲಾಹನನ್ನು ಹೊಗಳುತ್ತಿದ್ದ. ಬದ್ರಿಯಾ ನೆಲಕ್ಕೆ ಕೂತು, "ಸಾವಿರ ಬಾತಿನಲ್ಲಿ ನನಗೆ ಒಂದು ರೆಕ್ಕೆ ಸಾಕು ರೀ, ಬಳೆ ಮಾಡಿಸ್ಕೋತೀನಿ" ಅನ್ನುತ್ತಿದ್ದಳು.

ಇದು ಪಟ್ಟಿಯಲ್ಲ, ಸತ್ತವನ ಹಾರೈಕೆ ಎಂದು ಕೆಳಗಿನಿಂದಲೇ ಕೂಗಿದೆ. ಮೇಲೆ ಬಂದೂ ಹೇಳಿದೆ. ನೀವು ಮದುವೆಯಲ್ಲಿ ಸಾವಿರ ಶುಭಾಶಯ ಹೇಳಿದಾಗ ಯಾರಾದರೂ ಎಣಿಸಿಕೊಳ್ಳುತ್ತಾರಾ ಎಂದು ಕೇಳಿದೆ. ಇಂಥ ಕಲ್ಲುಗಳು ಕೈರೋದಲ್ಲಿ ಗೋಡೆಗೋಡೆಗೆ ನಿಂತಿವೆ, ಯಾವುದರ ಹಿಂದೆಯೂ ಒಂದು ಬಾತೂ ಸಿಕ್ಕಿಲ್ಲ ಎಂದೆ. ಶೇಖ್ ಮಬ್ರೂಕ್ ನಕ್ಕು, "ಸರ್ಕಾರದವರು ಹೀಗೇ ಹೇಳಿಕೊಟ್ಟಿರ್ತಾರೆ. ಅವಳ ತಪ್ಪಲ್ಲ. ಸಾವಿರ ಅಂತ ಕಲ್ಲೇ ಬಾಯಿ ಬಿಟ್ಟ ಮೇಲೆ ಇನ್ನೇನು?" ಅಂದ. ಬೇರೆ ಯಾರೂ ಓದದ ನಿಜವಾದ ಬರಹವನ್ನು ನಾನು ಓದಿದ್ದು ಅದೇ ಮೊದಲು. ಒಂದು ಅಕ್ಷರ ಕೂಡ ತಪ್ಪಿರಲಿಲ್ಲ. ಆ ನಿಜ ಅವರ ಬಾಯಲ್ಲಿ ಏನಾಗಿಹೋಯಿತು ನೋಡು.

ಆಮೇಲಿನದನ್ನು ಬರೆಯಲು ನನಗೆ ನಾಚಿಕೆ. ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಶೇಖ್ ಕಣ್ಣು ಮುಚ್ಚಿ, ತುಟಿ ಕುಣಿಸಿ, ಕಾವಲಿನ ಜಿನ್ನು ಒಪ್ಪಿದೆ ಎಂದ. ಆದರೆ ಅದಕ್ಕೆ ಈ ಮನೆಯ ಹೆಣ್ಣು ಬೇಕಂತೆ. ಗಂಡು ಮುಟ್ಟದ ಹೆಣ್ಣು. ಜಿನ್ನಿನ ಪರವಾಗಿ ತಾನು ನಿಕಾಹ್ ಮಾಡಿಕೊಳ್ಳುತ್ತೇನೆ, ಕಾಗದದ ಮದುವೆ, ನಿಧಿಯ ಬಾಗಿಲು ತೆರೆದ ಮೇಲೆ ಬಿಟ್ಟುಬಿಡುತ್ತೇನೆ ಎಂದ. ನಾನು ಕಲ್ಲು ಓದಬೇಕಾದ್ದರಿಂದ ನಾನಾಗುವುದಿಲ್ಲ, ಚಿಕ್ಕವಳು ಆಗಬೇಕು. ತಹಾನಿ ಆಗ ಅಂಗಳದಲ್ಲಿ ಶಾಲೆಯ ಅಂಗಿಯಲ್ಲೇ ಕೂತು ಕಬ್ಬು ಸಿಗಿದು ತಿನ್ನುತ್ತಿದ್ದಳು. ಅವಳಿಗೆ ಇನ್ನೂ ಗೊಂಬೆಗೆ ಜಡೆ ಹೆಣೆಯುವ ಚಟ ಹೋಗಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಕೊಡಲಿ ತೆಗೆದುಕೊಂಡು ಅವನನ್ನು ಅಟ್ಟುತ್ತಾನೆ ಎಂದುಕೊಂಡಿದ್ದೆ. ನಮ್ಮೂರಿನಲ್ಲಿ ಇದಕ್ಕಿಂತ ಸಣ್ಣ ಮಾತಿಗೆ ಹೆಣ ಬಿದ್ದಿವೆ. ಅಪ್ಪ ತನ್ನ ಪಾದ ನೋಡಿಕೊಂಡ. ಒಂದು ಸಿಗರೇಟಿನ ಅರ್ಧ ಸುಡುವಷ್ಟು ಹೊತ್ತೂ ಇಲ್ಲ. ಆಮೇಲೆ, "ಕಾಗದದ ಮದುವೆ ತಾನೇ" ಅಂದ. ಬದ್ರಿಯಾ, "ಹುಡುಗೀಗೂ ಒಂದು ಒಳ್ಳೇ ಅಂಗಿ ಹೊಲಿಸೋಣ" ಅಂದಳು.

ಅಮ್ಮ, ನನಗೆ ಅಪ್ಪನ ಮೇಲೆ ಸಿಟ್ಟು ಮೊದಲಿನಿಂದಲೂ ಇತ್ತು. ನಿನ್ನನ್ನು ಹೊಡೆದದ್ದು, ಬಿಟ್ಟದ್ದು, ನೀನು ಮರುಮದುವೆಯಾದ ಕೂಡಲೇ ನಮ್ಮಿಬ್ಬರನ್ನು ಅಜ್ಜಿಯ ಮನೆಯಿಂದ ಎಳೆದುಕೊಂಡು ಬಂದದ್ದು. ಸಿಟ್ಟು ಬೇರೆ. ಆ ಮಧ್ಯಾಹ್ನ ಬಂದದ್ದು ಹೇಸಿಗೆ. ಅವನು ಮುಟ್ಟಿದ ಲೋಟದಲ್ಲಿ ನೀರು ಕುಡಿಯಲಾಗಲಿಲ್ಲ. ನನ್ನ ಮುಖದಲ್ಲಿ ಅವನ ಮೂಗಿದೆಯಲ್ಲ, ಅದನ್ನು ಕನ್ನಡಿಯಲ್ಲಿ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನ ಕಾಲು ಹಿಡಿದೆ, ಬೈದೆ, ಅತ್ತೆ. "ನಿನ್ನನ್ನ ಓದಿಸಿದ್ದು ನಾನು, ನನಗೇ ಪಾಠ ಹೇಳ್ತೀಯಾ?" ಅಂದ. ಆಗ ನನಗೆ ಹೊಳೆಯಿತು. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ, ಕಲ್ಲಿನ ಮಾತಿಗಿದೆ. ಕಣ್ಣೊರೆಸಿಕೊಂಡು, ಕಲ್ಲಿನ ಕೆಳಗಿನ ಸಾಲು ಮಣ್ಣಿನಲ್ಲಿ ಮುಚ್ಚಿತ್ತು, ಅದನ್ನು ನಿನ್ನೆ ಓದಲಿಲ್ಲ, ಓದದೆ ಮುಂದುವರಿಯುವುದು ಒಳ್ಳೆಯದಲ್ಲ ಎಂದೆ. ಎಲ್ಲರೂ ಗುಂಡಿಯ ಸುತ್ತ ಸೇರಿದರು. ಈ ಸಲ ಶೇಖ್ ಮಬ್ರೂಕನೂ ನನ್ನ ಜೊತೆ ಕೆಳಗಿಳಿದ, ಜಿನ್ನಿನ ಪರವಾಗಿ.

ನೀರು ಹಾಕಿ ತೊಳೆದೆ. ಆ ಸಾಲಿನಲ್ಲಿ ಇದ್ದದ್ದು ಸತ್ತವನ ತಾಯಿಯ ಹೆಸರು. ಮನೆಯೊಡತಿ ಇಂಥವಳು ಹೆತ್ತ ಮಗ, ಅಷ್ಟೇ. ನಾನು ಓದಿದ್ದು ಬೇರೆ. ಎರಡನೆಯ ವರ್ಷದಲ್ಲಿ ಇನ್ನೊಂದು ಊರಿನ, ಇನ್ನೊಂದು ಕಾಲದ ಸಮಾಧಿಯ ಬೆದರಿಕೆಯೊಂದನ್ನು ಓದಿದ್ದೆ. ಅದಕ್ಕೆ ನನ್ನದೂ ಒಂದಿಷ್ಟು ಸೇರಿಸಿದೆ. "ಈ ಮನೆಯ ಹೆಣ್ಣನ್ನು ಕೇಳಲು ಯಾವನು ಬರುತ್ತಾನೋ, ನೀರಿನಲ್ಲಿ ಅವನಿಗೆ ಮೊಸಳೆ ಕಾದಿದೆ, ನೆಲದಲ್ಲಿ ಹಾವು ಕಾದಿದೆ. ಧೂಪ ಹಿಡಿದು ಬಂದವನ ನಾಲಿಗೆ ಅವನ ಬಾಯಲ್ಲೇ ಊದಿಕೊಳ್ಳಲಿ. ಅವಳನ್ನು ಕೊಟ್ಟವನ ಗಂಡುಸಂತಾನ ಅಳಿಯಲಿ." ಕೊನೆಯದನ್ನು ಅಪ್ಪನಿಗೆಂದೇ ಹೇಳಿದೆ, ಬದ್ರಿಯಾಳ ಹೊಟ್ಟೆಯಲ್ಲಿ ಈಗ ಒಂದಿದೆ.

ಶೇಖ್ ಕಿಲಾಡಿ. "ಹಾವೆಲ್ಲಿ? ತೋರಿಸು" ಅಂದ. ಕೊಂಬಿನ ಹಾವು ಕಲ್ಲಿನ ತುಂಬ ಇತ್ತು. ಅದು "ಅವನ" ಎಂದು ಹೇಳುವ ಚಿಹ್ನೆ, ಇಲ್ಲದ ಸಾಲೇ ಇರುವುದಿಲ್ಲ. ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಅವನ ಜಪಮಾಲೆ ನಿಂತಿತು. "ಮೊಸಳೆ?" ಅಂದ. ಮೊಸಳೆ ಎಲ್ಲಿಂದ ತರಲಿ? ಮೂಲೆಯಲ್ಲಿ ಕಲ್ಲು ಒಡೆದಿತ್ತು. "ಅದು ಈ ಒಡೆದ ಕಡೆ ಇತ್ತು ಶೇಖರೇ. ನೀವು ನಿಂತಿರೋ ಕೆಸರಿನಲ್ಲೇ ಎಲ್ಲೋ ಬಿದ್ದಿರಬೇಕು" ಎಂದೆ. ಅವನು ಕಾಲೆತ್ತಿದ. ಆ ಕೆಸರಿನಲ್ಲಿ ಒಂಟಿಕಾಲಿನಲ್ಲಿ ನಿಂತು ಹಗ್ಗಕ್ಕಾಗಿ ಕೈ ಚಾಚಿದ ಅವನನ್ನು ನೀನು ನೋಡಬೇಕಿತ್ತು. ಮಧ್ಯಾಹ್ನದ ನಮಾಜಿಗೆ ಮೊದಲೇ ಧೂಪದ ಚೀಲ, ಬಲಿಯ ಹುಂಜ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟ.

ನಾನು ಗೆದ್ದೆ ಎಂದುಕೊಂಡೆ. ಅವತ್ತಿನ ಊಟದಲ್ಲಿ ಅಪ್ಪ ನನ್ನ ಕಡೆ ನೋಡಲಿಲ್ಲ. ಕೈ ತೊಳೆದುಕೊಂಡ ಮೇಲೆ ಹೇಳಿದ: "ಮಬ್ರೂಕ್ ಓದೋ ಮಾತಿಗೆ ಹೆದರೋನು. ಫರ್ಷೂತಿನಲ್ಲಿ ಇನ್ನೊಬ್ಬ ಶೇಖ್ ಇದ್ದಾನೆ, ಕಣ್ಣು ಕಾಣಿಸಲ್ಲ, ಅಕ್ಷರ ಗೊತ್ತಿಲ್ಲ, ಯಾವ ಶಾಪಾನೂ ತಗಲಲ್ಲ ಅಂತಾರೆ. ಕಬ್ಬು ಮುಗೀಲಿ, ಕರೆಸ್ತೀನಿ." ತಹಾನಿಯ ಮಾತು ಎತ್ತುತ್ತಾನೋ ಎಂದು ಕಾದೆ. ಅದನ್ನೂ ಎತ್ತಿದ. ಹೊಸ ಶೇಖ್ ಕೇಳಿದರೆ ನೋಡೋಣ ಅಂದ. ನಾನು ಅಲ್ಲಿಯವರೆಗೆ ಕಲ್ಲಿನ ಉಳಿದ ಬರಹವನ್ನೆಲ್ಲ ಓದಿ ಅರ್ಥ ಬರೆದುಕೊಡಬೇಕಂತೆ.

ಆಖ್ಮೀಮಿನಲ್ಲಿರುವ ಪುರಾತತ್ವ ಇಲಾಖೆಯ ಕಚೇರಿಯ ಬಾಗಿಲವರೆಗೂ ಹೋಗಿ ಬಂದೆ. ಒಳಗೆ ಹೋಗಿ ಹೇಳಿದ್ದರೆ ಅಪ್ಪ ಜೈಲು ಸೇರುತ್ತಾನೆ. ಸೇರಲಿ, ನನಗೇನೂ ಕರುಳು ಚುರ್ರೆನ್ನುವುದಿಲ್ಲ. ಆದರೆ ತಹಾನಿ ಬದ್ರಿಯಾಳ ಕೈಯಲ್ಲಿ ಉಳಿಯುತ್ತಾಳೆ, ಅವಳ ಅಣ್ಣ ಇದ್ದಾನೆ, ಗುಂಡಿ ಇದೆ. ಅವಳು ಆ ಮನೆಯಲ್ಲಿರುವವರೆಗೆ ನಾನು ಬಾಯಿ ಬಿಡುವ ಹಾಗಿಲ್ಲ.

ಕೈರೋಗೆ ವಾಪಸಾದ ಮೇಲೆ ಡಾಕ್ಟರ್ ಶೌಕತ್ ಅದೇ ಪಾಠ ತೆಗೆದರು, ಸಾವಿರ ರೊಟ್ಟಿಯದು. ನನ್ನನ್ನೇ ಎಬ್ಬಿಸಿದರು. ಅಕ್ಷರಗಳೆಲ್ಲ ಗೊತ್ತು, ಬಾಯಿ ತೆರೆದರೆ ಇಂಗಿನ ಘಾಟು ಬರುತ್ತದೆ. ಓದದೆಯೇ ಕೂತುಬಿಟ್ಟೆ. "ನೋಡಿದಿಯಾ, ಬಾಯಿಪಾಠ ಮಾಡದಿದ್ರೆ ಹೀಗೇ ಆಗೋದು" ಅಂದು ಕರವಸ್ತ್ರ ತೆಗೆದರು. ಊರಿನಲ್ಲಿ ನಾನು ಸತ್ಯ ಓದಿದಾಗ ನಂಬದವರು ಸುಳ್ಳು ಓದಿದಾಗ ನಡುಗಿದರು. ಇಲ್ಲಿ ಸುಳ್ಳು ಓದುವವರಿಗೆ ಸನ್ಮಾನ. ಮೂರು ವರ್ಷ ಕಷ್ಟಪಟ್ಟು ಕಲಿತದ್ದರಿಂದ ನನಗೆ ಉಳಿದದ್ದು ಈ ಎರಡು ತಿಳಿವಳಿಕೆ. ವಸ್ತುಸಂಗ್ರಹಾಲಯಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಆ ತಾಯಿಯ ಹೆಸರನ್ನು ಓದದೆ ಅವಳ ಜಾಗದಲ್ಲಿ ಶಾಪ ಹಾಕಿ ಬಂದದ್ದು ಮನಸ್ಸಿಗೆ ಚುಚ್ಚುತ್ತಿದೆ. ಆದರೂ ಇನ್ನೊಂದು ಸಲ ಹಾಗೇ ಓದುತ್ತೇನೆ.

ಈಗ ನಿನ್ನ ವಿಷಯ. ತಹಾನಿಯನ್ನು ಕರೆಸಿಕೋ ಎಂದು ಹೋದ ವರ್ಷ ಬರೆದಿದ್ದೆ. ಹಾಜಿಯವರಿಗೆ ಇಷ್ಟವಾಗಲಿಕ್ಕಿಲ್ಲ, ಮನೆ ಚಿಕ್ಕದು, ಗಂಡುಮಕ್ಕಳು ಸಣ್ಣವರು, ಬೇಸಿಗೆ ಬರಲಿ ನೋಡೋಣ ಎಂದು ನೀನು ಬರೆದೆ. ಬೇಸಿಗೆ ಬಂತು, ಹೋಯಿತು. ಆಮೇಲೆ ಅಪ್ಪ ಬದಲಾಗಿದ್ದಾನೆ ಎಂದು ನೀನು ಕಂಡುಹಿಡಿದೆ. ನಿನಗೆ ಅದನ್ನು ನಂಬುವುದು ಅನುಕೂಲ. ಕಲ್ಲಿನಲ್ಲಿ ತಮಗೆ ಬೇಕಾದದ್ದನ್ನೇ ಓದಿಕೊಂಡ ಆ ಮನೆಯವರಿಗೂ ನಿನಗೂ ಏನು ವ್ಯತ್ಯಾಸ ಎಂದು ಕೇಳಿದರೆ ಕೋಪಿಸಿಕೊಳ್ಳಬೇಡ. ಹೆತ್ತವಳನ್ನು ಹೇಸಿಕೊಳ್ಳುವ ಮಗಳು ಎಂದು ನೀನು ಅಳಬಹುದು. ಅಳು. ಆದರೆ ಈ ಸಲ ನೋಡೋಣ ಎನ್ನಬೇಡ, ಅಮ್ಮ. ಕೈಮುಗಿದು ಕೇಳುತ್ತೇನೆ. ಅವಳ ಊಟ, ಶಾಲೆ, ಬಟ್ಟೆ ಏನಿದ್ದರೂ ನಾನು ದುಡಿದು ಕಳಿಸುತ್ತೇನೆ. ನೀನು ಬಾಗಿಲು ತೆರೆದರೆ ಸಾಕು.

ತಮ್ಮಂದಿರಿಗೆ ನನ್ನ ಮುತ್ತು. ಅವರಿಗೆ ಅಕ್ಕಂದಿರಿದ್ದಾರೆ ಎಂದು ಹೇಳಿದ್ದೀಯೋ ಇಲ್ಲವೋ ಗೊತ್ತಿಲ್ಲ.

ನಿನ್ನ ಮಗಳು,
ರಾವಿಯಾ

ಮತ್ತೆ ಬರೆಯುವುದು: ಮೇಲಿನದನ್ನೆಲ್ಲ ತಹಾನಿ ಊರಿನಲ್ಲೇ ಇದ್ದಾಳೆ ಎಂಬಂತೆ ಬರೆದಿದ್ದೇನೆ. ಅವಳು ಅಲ್ಲಿಲ್ಲ. ನನ್ನನ್ನು ರೈಲು ಹತ್ತಿಸಲು ಬಂದವಳು ಬುಟ್ಟಿ ಕೊಡಲು ಬೋಗಿಯೊಳಗೆ ಬಂದಳು, ರೈಲು ಹೊರಡುವವರೆಗೆ ನಾನು ಅವಳ ಕೈ ಬಿಡಲಿಲ್ಲ. ಹಾಸ್ಟೆಲಿನಲ್ಲಿ ಅವಳನ್ನು ಇನ್ನು ಬಚ್ಚಿಡಲು ಆಗುವುದಿಲ್ಲ. ಇವತ್ತು ಶುಕ್ರವಾರ, ಈ ಸಾಲುಗಳನ್ನು ನಿನ್ನ ಬೀದಿಯ ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನನ್ನು ಕಂಡರೆ ನೀನು ಗುರುತು ಹಿಡಿಯುತ್ತೀ, ಅವಳನ್ನು ಹಿಡಿಯಲಿಕ್ಕಿಲ್ಲ, ಆದ್ದರಿಂದ ನಾನು ಮೇಲೆ ಬರುವುದಿಲ್ಲ. ಈ ಕಾಗದ ತಂದುಕೊಟ್ಟ ಹುಡುಗಿ ಇನ್ನೂ ನಿನ್ನ ಮೆಟ್ಟಿಲ ಮೇಲೆ ನಿಂತಿರುತ್ತಾಳೆ, ಉತ್ತರ ತೆಗೆದುಕೊಂಡೇ ಬಾ ಎಂದಿದ್ದೇನೆ. ಅವಳಿಗೆ ನೀನು ಯಾರೆಂದು ಹೇಳಿಲ್ಲ. ನೀನು ಬಾಗಿಲು ಮುಚ್ಚಿದರೆ, ಯಾರೋ ಗೊತ್ತಿಲ್ಲದ ಹೆಂಗಸು ಬಾಗಿಲು ಮುಚ್ಚಿದಳು ಎಂದುಕೊಂಡು ಅವಳು ಇಳಿದು ಬರಲಿ.